ಹಳೆಯ ಕಾರಿಗೆ ಹೊಸ ಕೀಲುಗಳು

ಮೋಟಾರು ಕಾರನ್ನು ನಡೆಸುವವನ ಕೈಗೂ ರಸ್ತೆಯ ಮೇಲೆ ಉರುಳುವ ಚಕ್ರಕ್ಕೂ ಇರುವ ಸಂಬಂಧವು ಕಟ್ಟಕಡೆಗೆ ನೆಲ್ಲಿಕಾಯಿ ಗಾತ್ರದ ಒಂದು ಉಕ್ಕಿನ ಗುಂಡನ್ನು ನೆಚ್ಚಿಕೊಂಡಿದೆಯೆಂದರೆ ಅನೇಕರಿಗೆ ಆಶ್ಚರ್ಯವಾದೀತು. ಎಂಜಿನ್ನು ಕೆಟ್ಟರೆ ಗಾಡಿ ನಿಲ್ಲುತ್ತದೆ. ಅದರಿಂದ ತೊಂದರೆ ಹೆಚ್ಚು, ಅಪಾಯ ಕಡಮೆ. ಆದರೆ ಈ ಗುಂಡು ತನ್ನ ಗೂಡಿನಿಂದ ಕಳಚಿಕೊಂಡರೆ ಗಾಡಿ ನಿಲ್ಲುವುದಿಲ್ಲ. ಓಡುತ್ತಲೇ ಇರುತ್ತದೆ, ಎತ್ತ ಓಡಬೇಕೆಂಬುದು ಮಾತ್ರ ಚಾಲಕನ ಅಧೀನದಲ್ಲಿರುವುದಿಲ್ಲ.

ನಮ್ಮಲ್ಲಿ ಹಳೆಯ ಕಾರುಗಳಿಗೆ ಕೊರತೆಯಿಲ್ಲ. 1983ರ ಡಿಸೆಂಬರಿನಲ್ಲಿ ಹೊರಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800 ಇಂದಿಗೂ ಹಲವು ಮನೆಗಳ ಮುಂದೆ ನಿಂತಿದೆ. ತಂದೆ ಕೊಂಡ ಗಾಡಿಯನ್ನು ಕಾಲೇಜಿಗೆ ಹೋಗುವ ಮಗನೋ ಮಗಳೋ ನಡೆಸುವುದು ಅಪೂರ್ವವೇನಲ್ಲ. ಇಂಥ ಗಾಡಿಯ ಮುಂಭಾಗವು ಹಳ್ಳ ದಿಣ್ಣೆಗಳಲ್ಲಿ ಗಡಗಡ ಸದ್ದು ಮಾಡತೊಡಗಿದಾಗ ಗ್ಯಾರೇಜಿನವರು ಒಂದು ಚೀಟಿ ಬರೆದುಕೊಡುತ್ತಾರೆ: ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಲೋಯರ್ ಆರ್ಮ್ ಬುಷ್, ಶಾಕ್ ಅಬ್ಸಾರ್ಬರ್. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗೆ ಆ ಚೀಟಿಯನ್ನು ಹಿಡಿದು ಹೋದರೆ ಒಂದೇ ವಸ್ತುವಿಗೆ ಮೂರು ನಾಲ್ಕು ಬೆಲೆಗಳು. ನೋಡುವುದಕ್ಕೆ ಎಲ್ಲವೂ ಒಂದೇ. ಯಾವುದನ್ನು ಕೊಳ್ಳಬೇಕು? ಇದಕ್ಕೆ ಉತ್ತರ ಹೇಳುವ ಮುನ್ನ ಆ ಭಾಗಗಳು ಗಾಡಿಯಲ್ಲಿ ಮಾಡುವ ಕೆಲಸವೇನು ಎಂಬುದನ್ನು ತಿಳಿಯುವುದು ಅವಶ್ಯ.

ಸ್ಟಿಯರಿಂಗ್ ಚಕ್ರವನ್ನು ತಿರುಗಿಸಿದಾಗ ಅದರ ದಂಡದ ತುದಿಯಲ್ಲಿರುವ ಸಣ್ಣ ಹಲ್ಲುಚಕ್ರವೊಂದು ಅಡ್ಡಲಾಗಿ ಮಲಗಿರುವ ಹಲ್ಲುಸರಳನ್ನು ಎಡಕ್ಕೋ ಬಲಕ್ಕೋ ಜರುಗಿಸುತ್ತದೆ. ಸರಳಿನ ಎರಡು ಕೊನೆಗಳಿಂದ ಹೊರಟ ಟೈ ರಾಡುಗಳು ಚಕ್ರದ ಒಡಲಿಗೆ ಸೇರಿದ ಚಿಕ್ಕ ತೋಳನ್ನು ತಳ್ಳುತ್ತವೆ ಅಥವಾ ಎಳೆಯುತ್ತವೆ. ಟೈ ರಾಡ್ ಎಂಡ್ ಎಂಬುದು ಈ ತೋಳು ಮತ್ತು ರಾಡು ಕೂಡುವ ಗೋಳಕೀಲು. ಚಕ್ರವು ಏಕಕಾಲಕ್ಕೆ ಮೇಲಕ್ಕೂ ಕೆಳಕ್ಕೂ ಕುಣಿಯಬೇಕು, ಪಕ್ಕಕ್ಕೂ ತಿರುಗಬೇಕು. ಬಾಗಿಲಿನ ತಿರುಗಣಿಯಂಥ ಕೀಲು ಇಲ್ಲಿ ಸಾಲದು. ನಮ್ಮ ಭುಜದ ಕೀಲಿನಂತೆ ಎಲ್ಲ ದಿಕ್ಕಿಗೂ ಹೊರಳಬಲ್ಲ ಗುಂಡು ಮತ್ತು ಗೂಡು ಬೇಕು.

ಚಕ್ರದ ಭಾರವನ್ನು ಹೊರುವ ಏರ್ಪಾಡು ಇದರಿಂದ ಬೇರೆ. ಮಾರುತಿಯಲ್ಲಿಯೂ ಇತರ ಅನೇಕ ಸಣ್ಣ ಕಾರುಗಳಲ್ಲಿಯೂ ಇರುವುದು ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರನ ಹೆಸರಿನ ಸ್ಟ್ರಟ್. 1950ರಲ್ಲಿ ಪ್ರದರ್ಶಿತವಾದ ಬ್ರಿಟನ್ನಿನ ಫೋರ್ಡ್ ಕಾನ್ಸುಲ್ ಮತ್ತು ಜೆಫಿರ್ ಕಾರುಗಳ ಮೂಲಕ ಇದು ಹೆಸರಾಯಿತು. ನೆಟ್ಟಗೆ ನಿಂತ ಒಂದು ಕಂಬದಲ್ಲಿ ಸುರುಳಿ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದಾಗಿರುತ್ತವೆ. ಕಂಬದ ತಲೆ ಗಾಡಿಯ ಮೈಗೆ ಸೇರಿದೆ. ಬುಡವನ್ನು ಅತ್ತಿತ್ತ ಸರಿಯದಂತೆ ಹಿಡಿದಿರುವುದು ಕೆಳಗಿನ ತೋಳು, ಅಂದರೆ ಲೋಯರ್ ಆರ್ಮ್. ಈ ತೋಳಿನ ಒಳತುದಿಯಲ್ಲಿ ರಬ್ಬರಿನ ಬುಷ್, ಹೊರತುದಿಯಲ್ಲಿ ಮತ್ತೊಂದು ಗೋಳಕೀಲು. ಗಾಡಿಯ ಭಾರ ಬಹುತೇಕ ಸ್ಪ್ರಿಂಗಿನ ಮೂಲಕವೇ ಸಾಗುವುದರಿಂದ ಈ ಕೀಲಿನ ಮೇಲೆ ತೂಕ ಹೆಚ್ಚಿಲ್ಲ. ಆದರೆ ಬ್ರೇಕು ಹಾಕಿದಾಗ, ತಿರುವಿನಲ್ಲಿ ಹೊರಳಿದಾಗ, ಗುಂಡಿಗೆ ಚಕ್ರ ಬಿದ್ದಾಗ ಉಂಟಾಗುವ ಪಕ್ಕದ ಬಲಗಳೆಲ್ಲ ಇದನ್ನೇ ಹುಡುಕಿಕೊಂಡು ಬರುತ್ತವೆ.

ಕೀಲು ಸ್ವಲ್ಪ ಸಡಿಲವಾದರೆ ಏನಾಗುತ್ತದೆ? ಒಂದು ಲೆಕ್ಕ ಮಾಡಿ ನೋಡೋಣ. ಚಕ್ರದ ತಿರುಗುತೋಳಿನ ಉದ್ದ 100 ಮಿಲಿಮೀಟರ್ ಎಂದು ಭಾವಿಸಿರಿ. ಟೈ ರಾಡಿನ ಕೀಲು ಒಂದೇ ಒಂದು ಮಿಲಿಮೀಟರ್ ಸವೆದು ಸಡಿಲಗೊಂಡರೂ ಚಕ್ರವು ತನ್ನಿಚ್ಛೆಯಂತೆ 1/100 ರೇಡಿಯನ್, ಎಂದರೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಓರೆಯಾಗಬಲ್ಲುದು. ಇದು ಕಣ್ಣಿಗೆ ಕಾಣದಷ್ಟು ಕಡಮೆ. ಆದರೆ ಚಕ್ರವು ಇಷ್ಟು ಓರೆಯಾಗಿಯೇ ಒಂದು ಕಿಲೋಮೀಟರ್ ಓಡಿದರೆ ಟೈರು ಆ ಅವಧಿಯಲ್ಲಿ 10 ಮೀಟರಿನಷ್ಟು ಅಡ್ಡಡ್ಡಲಾಗಿ ರಸ್ತೆಗೆ ಉಜ್ಜಲ್ಪಟ್ಟಂತಾಯಿತು! ಹಳೆಯ ಗಾಡಿಗಳ ಟೈರು ಒಂದೇ ಅಂಚಿನಲ್ಲಿ ಬೋಳಾಗುವುದಕ್ಕೆ ಇದು ಒಂದು ಮುಖ್ಯ ಕಾರಣ. ಕೀಲಿನಲ್ಲಿ ನೂರಿನ್ನೂರು ರೂಪಾಯಿ ಉಳಿಸಿ ಟೈರಿನಲ್ಲಿ ಸಾವಿರಾರು ರೂಪಾಯಿ ಕಳೆಯುವವರನ್ನು ಯಾವ ಊರಿನಲ್ಲಿಯೂ ಕಾಣಬಹುದು.

ಸವೆತವಾದರೋ ಸದ್ದು ಮಾಡಿ ಎಚ್ಚರಿಸುತ್ತದೆ. ಮುರಿತವು ಹಾಗಲ್ಲ. ಲೋಹಕ್ಕೂ ದಣಿವುಂಟು ಎಂಬುದನ್ನು ಮನುಷ್ಯ ಕಷ್ಟಪಟ್ಟು ಕಲಿತ. 1842ರ ಮೇ ತಿಂಗಳಲ್ಲಿ ಫ್ರಾನ್ಸಿನ ವರ್ಸೇಲ್ಸಿನಿಂದ ಪ್ಯಾರಿಸ್ಸಿಗೆ ಬರುತ್ತಿದ್ದ ರೈಲಿನ ಎಂಜಿನ್ನೊಂದರ ಅಚ್ಚು ಮುರಿದು ಘೋರ ಅಪಘಾತ ಸಂಭವಿಸಿತು. ಆ ಮೇಲೆ ಜರ್ಮನಿಯ ಆಗಸ್ಟ್ ವೋಲರನು 1850 ಮತ್ತು 60ರ ದಶಕಗಳಲ್ಲಿ ರೈಲಿನ ಅಚ್ಚುಗಳನ್ನು ಕುರಿತು ದೀರ್ಘವಾದ ಪ್ರಯೋಗಗಳನ್ನು ನಡೆಸಿ, ಒಮ್ಮೆ ಹೇರಿದರೆ ಏನೂ ಆಗದ ಭಾರವೇ ಲಕ್ಷಾಂತರ ಸಲ ಹಿಂದುಮುಂದಾಗಿ ಹೇರಲ್ಪಟ್ಟಾಗ ಉಕ್ಕನ್ನು ಮುರಿಯಬಲ್ಲುದೆಂದು ತೋರಿಸಿದನು. ಮಾರುತಿ 800ರ ಟೈರಿನ ಸುತ್ತಳತೆ ಸುಮಾರು 1.6 ಮೀಟರ್. ಕಿಲೋಮೀಟರಿಗೆ ಸುಮಾರು 625 ಸುತ್ತು. ಹತ್ತು ಸಾವಿರ ಕಿಲೋಮೀಟರಿಗೆ ಅರವತ್ತೆರಡು ಲಕ್ಷಕ್ಕೂ ಮಿಕ್ಕು. ಚಕ್ರದ ಸಮತೋಲ ಕೊಂಚ ತಪ್ಪಿದ್ದರೂ ಪ್ರತಿ ಸುತ್ತಿಗೊಮ್ಮೆ ಕೀಲಿಗೆ ಒಂದು ಪೆಟ್ಟು ತಗಲುತ್ತದೆ. ದಣಿವಿನ ಬಿರುಕು ಸಾಮಾನ್ಯವಾಗಿ ಮೇಲ್ಮೈಯ ಒಂದು ಗೀರಿನಿಂದಲೋ ತುಕ್ಕಿನ ಗುಳಿಯಿಂದಲೋ ಲೋಹದೊಳಗಿನ ಒಂದು ಗಾಳಿಗುಳ್ಳೆಯಿಂದಲೋ ಮೊದಲಾಗುತ್ತದೆ.

ಒಳ್ಳೆಯ ಕೀಲಿಗೂ ಕಳಪೆ ಕೀಲಿಗೂ ಇರುವ ವ್ಯತ್ಯಾಸವೆಲ್ಲ ಇಲ್ಲಿದೆ. ಒಳ್ಳೆಯ ಕೀಲಿನ ಒಡಲನ್ನು ಕಾದ ಉಕ್ಕನ್ನು ಅಚ್ಚಿನಲ್ಲಿಟ್ಟು ಬಡಿದು ರೂಪಿಸುತ್ತಾರೆ. ಹಾಗೆ ಬಡಿದಾಗ ಲೋಹದ ಎಳೆಗಳು ಆಕಾರದ ಬಳುಕನ್ನು ಅನುಸರಿಸಿ ಹರಿಯುತ್ತವೆ. ಗುಂಡಿನ ಕಡ್ಡಿಯನ್ನು ಮಿಶ್ರಲೋಹದ ಉಕ್ಕಿನಿಂದ ಮಾಡಿ, ಕಾಯಿಸಿ ತಣಿಸಿ ಹದಗೊಳಿಸಿ, ಗುಂಡಿನ ಮೈಯನ್ನು ಕನ್ನಡಿಯಂತೆ ನಯಗೊಳಿಸುತ್ತಾರೆ. ಗೂಡಿನ ಒಳಗೆ ಜಾರುವ ಗುಣವುಳ್ಳ ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲು, ಅದಕ್ಕೆ ಗ್ರೀಸು, ಮೇಲೆ ಧೂಳು ನೀರು ಒಳಸೇರದಂತೆ ರಬ್ಬರಿನ ಮುಸುಕು. ಕಳಪೆ ಕೀಲಿನಲ್ಲಿ ಇವುಗಳಲ್ಲಿ ಯಾವುದನ್ನಾದರೂ ಬಿಟ್ಟಿರುತ್ತಾರೆ. ಬಹುಶಃ ಹದಗೊಳಿಸುವುದನ್ನೇ ಬಿಟ್ಟಿರಬಹುದು, ಏಕೆಂದರೆ ಅದನ್ನು ಬಿಟ್ಟರೆ ಯಾರಿಗೂ ಕಾಣುವುದಿಲ್ಲ.

ಹಾಗಾದರೆ ಅಂಗಡಿಯಲ್ಲಿ ನಿಂತ ವಿದ್ಯಾರ್ಥಿ ಏನು ಮಾಡಬಹುದು? ಕೆಲವು ಪರೀಕ್ಷೆಗಳು ಕೈಗೆ ನಿಲುಕುತ್ತವೆ. ಕಡ್ಡಿಯನ್ನು ಬೆರಳಲ್ಲಿ ಹಿಡಿದು ತಿರುಗಿಸಿರಿ: ಹೊಸ ಕೀಲು ಬಿಗಿಯಾಗಿ, ಆದರೆ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಹೊರಳಬೇಕು. ಸಲೀಸಾಗಿ ತೂಗಾಡಿದರೂ ಕೆಟ್ಟದ್ದು, ನಡುನಡುವೆ ತಡೆದು ತಡೆದು ಹೋದರೂ ಕೆಟ್ಟದ್ದು. ಒಡಲಿನ ಮೇಲೆ ಅಚ್ಚಿನ ಎರಡು ಅರೆಗಳು ಕೂಡಿದ ಗುರುತನ್ನು ನೋಡಿರಿ: ಬಡಿದು ಮಾಡಿದ ಭಾಗದಲ್ಲಿ ಅದು ಅಗಲವಾಗಿ, ಉಜ್ಜಿ ತೆಗೆದಂತಿರುತ್ತದೆ; ಎರಕ ಹೊಯ್ದುದರಲ್ಲಿ ಕೂದಲಿನಂಥ ತೆಳುಗೆರೆ. ಎರಕವೆಲ್ಲ ಕೆಟ್ಟದ್ದೆಂದು ತಿಳಿಯಬೇಡಿರಿ. ಕಾರ್ಖಾನೆಯವರೇ ಎರಕವನ್ನು ಬಳಸುವ ಕಡೆಗಳುಂಟು. ಮೂಲಭಾಗ ಬಡಿದು ಮಾಡಿದ್ದಾಗಿದ್ದು ಬದಲಿ ಭಾಗ ಎರಕದ್ದಾಗಿದ್ದರೆ ಮಾತ್ರ ಸಂದೇಹಪಡಬೇಕು. ಆದ್ದರಿಂದ ಕಳಚಿದ ಹಳೆಯ ಭಾಗವನ್ನು ಜೊತೆಯಲ್ಲಿ ಒಯ್ಯುವುದು ಒಳ್ಳೆಯದು. ಉದ್ದ, ತಿರುಪಿನ ಎಳೆ, ಕಡ್ಡಿಯ ಶಂಕುವಿನ ಓರೆ, ಕೊನೆಗೆ ತೂಕ, ಇವೆಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು.

ಈ ಪರೀಕ್ಷೆಗಳು ಕೆಟ್ಟದ್ದನ್ನು ಹೊರಗಿಡುತ್ತವೆಯೇ ಹೊರತು ಒಳ್ಳೆಯದನ್ನು ಸಿದ್ಧಪಡಿಸುವುದಿಲ್ಲ. ಉಕ್ಕಿನ ಹದ ಕಣ್ಣಿಗೆ ಕಾಣದು. ಅದಕ್ಕಾಗಿ ತಯಾರಕರ ಪ್ರಯೋಗಶಾಲೆಯನ್ನೇ ನಂಬಬೇಕು; ಅಂಥ ಪ್ರಯೋಗಶಾಲೆ ಯಾರಲ್ಲಿದೆ ಎಂದು ತಿಳಿಯುವುದೇ ಕೊಳ್ಳುವವನ ಜಾಣತನ. ಕಾರಿನ ಕಾರ್ಖಾನೆಯು ತನ್ನ ಎಲ್ಲ ಭಾಗಗಳನ್ನೂ ತಾನೇ ಮಾಡುವುದಿಲ್ಲ. ಶಾಕ್ ಅಬ್ಸಾರ್ಬರುಗಳಿಗೆ ಗೇಬ್ರಿಯಲ್, ಸ್ಟಿಯರಿಂಗ್ ಭಾಗಗಳಿಗೆ ರಾಣೆ ಮದ್ರಾಸ್, ಹೀಗೆ ನಮ್ಮ ದೇಶದಲ್ಲಿಯೇ ಕಾರು ಕಾರ್ಖಾನೆಗಳಿಗೆ ಒದಗಿಸುವ ಸಂಸ್ಥೆಗಳಿವೆ. ಅವು ತಮ್ಮ ಹೆಸರಿನ ಪೆಟ್ಟಿಗೆಯಲ್ಲಿಯೂ ಮಾರುತ್ತವೆ. ಕಾರಿನ ಕಂಪನಿಯ ಮುದ್ರೆಗೆ ಕೊಡುವ ಹೆಚ್ಚಿನ ಬೆಲೆಯನ್ನು ಉಳಿಸಿಯೂ ಗುಣವನ್ನು ಉಳಿಸಿಕೊಳ್ಳುವ ಮಾರ್ಗ ಇದು. ಪೆಟ್ಟಿಗೆಯನ್ನೂ ಅನುಕರಿಸುವ ಕಳ್ಳ ತಯಾರಕರಿರುವುದರಿಂದ ರಸೀತಿ ಕೊಡಲೊಪ್ಪದ ಅಂಗಡಿಯಲ್ಲಿ ಕೊಳ್ಳಬಾರದು.

ಗುಜರಿಯಿಂದ ಬಾಗಿಲು, ದೀಪದ ಗಾಜು, ಬಂಪರುಗಳನ್ನು ತಂದರೆ ಅಡ್ಡಿಯಿಲ್ಲ. ಗೋಳಕೀಲನ್ನಾಗಲಿ ತೋಳನ್ನಾಗಲಿ ತರಕೂಡದು. ಅವು ಎಷ್ಟು ಲಕ್ಷ ಪೆಟ್ಟುಗಳನ್ನು ಈಗಾಗಲೇ ಉಂಡಿವೆಯೋ ಯಾರೂ ಹೇಳಲಾರರು. ಸವೆದ ಕೀಲಿನ ಗೂಡನ್ನು ಬಡಿದು ಬಿಗಿಮಾಡುವುದು, ಬೆಸುಗೆ ಹಾಕಿ ಮುಚ್ಚುವುದು ಇನ್ನೂ ಕೆಟ್ಟ ಅಭ್ಯಾಸ. ಬೆಸುಗೆಯ ಕಾವಿಗೆ ಉಕ್ಕಿನ ಹದವೂ ಹೋಗುತ್ತದೆ, ಒಳಗಿನ ಪ್ಲಾಸ್ಟಿಕ್ಕೂ ಕರಗುತ್ತದೆ.

ರಬ್ಬರಿನ ಬುಷ್ ಅಗ್ಗದ ವಸ್ತು, ಆದ್ದರಿಂದಲೇ ಅಲಕ್ಷ್ಯಕ್ಕೆ ಗುರಿಯಾಗಿದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಹಿಡಿದ ವಿಧಾನದಿಂದ ಹದಗೊಳಿಸಿದ ರಬ್ಬರಿನಲ್ಲಿ ಉದ್ದುದ್ದನೆಯ ಅಣುಗಳನ್ನು ಗಂಧಕವು ಅಲ್ಲಲ್ಲಿ ಬೆಸೆದು ಹಿಡಿದಿರುತ್ತದೆ. ಗಾಳಿಯ ಆಮ್ಲಜನಕ, ಓಜೋನ್‌ಗಳೂ ಎಂಜಿನ್ನಿನ ಎಣ್ಣೆಯೂ ಕಾಲಕ್ರಮದಲ್ಲಿ ಈ ಜಾಲವನ್ನು ಕೆಡಿಸುತ್ತವೆ. ಹೀಗಾಗಿ ಓಡದೆ ನಿಂತ ಗಾಡಿಯ ಬುಷ್ ಕೂಡ ಬಿರಿಯುತ್ತದೆ. ಅಂಗಡಿಯ ಮೂಲೆಯಲ್ಲಿ ಹತ್ತು ವರ್ಷ ಬಿದ್ದಿದ್ದ ‘ಹೊಸ’ ಬುಷ್ ಕೂಡ ಹೊಸದಲ್ಲ. ಉಗುರಿನಿಂದ ಒತ್ತಿದಾಗ ತಗ್ಗಿ ಒಡನೆಯೇ ಮೇಲೇಳಬೇಕು. ಪಾಲಿಯುರಿಥೇನ್ ಬುಷ್ ಹೆಚ್ಚು ಕಾಲ ಬಾಳುತ್ತದೆಂದು ಕೆಲವರು ಅದನ್ನೇ ಹೊಗಳುತ್ತಾರೆ. ಬಾಳುವುದು ನಿಜ, ಆದರೆ ಅದು ರಬ್ಬರಿಗಿಂತ ಬಿರುಸು, ರಸ್ತೆಯ ನಡುಕವನ್ನು ಗಾಡಿಯ ಮೈಗೆ ದಾಟಿಸುತ್ತದೆ. ಪಂದ್ಯಕ್ಕೆ ಇಳಿಯದವರಿಗೆ ರಬ್ಬರೇ ಲೇಸೆಂದು ನಮ್ಮ ಅಭಿಪ್ರಾಯ.

ಶಾಕ್ ಅಬ್ಸಾರ್ಬರ್ ಎಂಬ ಹೆಸರೇ ತಪ್ಪು. ಆಘಾತವನ್ನು ತಾಳುವುದು ಸ್ಪ್ರಿಂಗು. ಆ ಬಳಿಕ ಸ್ಪ್ರಿಂಗು ಕುಣಿಯುತ್ತಲೇ ಇರದಂತೆ ತಡೆಯುವುದು ಇದರ ಕೆಲಸ. ಒಳಗಿನ ಎಣ್ಣೆಯನ್ನು ಸಣ್ಣ ರಂಧ್ರಗಳಲ್ಲಿ ನುಗ್ಗಿಸಿ ಕುಣಿತದ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತದೆ. ಗಾಡಿಯ ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟಾಗ ಎರಡು ಮೂರು ಸಲ ತೂಗಿದರೆ, ಅಥವಾ ಕಂಬದ ಮೇಲೆ ಎಣ್ಣೆ ಸೋರಿದ್ದರೆ ಅದರ ಕಾಲ ಮುಗಿಯಿತು. ಇದನ್ನೂ ಸ್ಪ್ರಿಂಗನ್ನೂ ಬಲ ಎಡ ಜೊತೆಯಾಗಿಯೇ ಬದಲಿಸಬೇಕು. ಕುಗ್ಗಿದ ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರಿನ ತುಂಡು ತುರುಕಿ ಗಾಡಿಯನ್ನು ಎತ್ತರಿಸುವ ಉಪಾಯ ರಸ್ತೆಬದಿಯಲ್ಲಿ ಪ್ರಚಾರದಲ್ಲಿದೆ. ಒಂದೆರಡು ಸುರುಳಿಗಳನ್ನು ಹೀಗೆ ಕಟ್ಟಿಹಾಕಿದರೆ ಅವುಗಳ ಪಾಲಿನ ತಿರುಚನ್ನೂ ಉಳಿದವೇ ಹೊರಬೇಕಾಗುತ್ತದೆ.

ಒಳ್ಳೆಯ ಭಾಗವನ್ನು ತಂದು ಕೆಟ್ಟದಾಗಿ ಜೋಡಿಸಿದರೆ ಕೊಟ್ಟ ಹಣ ವ್ಯರ್ಥ. ಕೀಲಿನ ಕಡ್ಡಿ ಶಂಕುವಿನ ಆಕಾರದ್ದು. ತೋಳಿನ ರಂಧ್ರದಲ್ಲಿ ಅದು ಬಿಗಿದು ಕೂರುವುದೇ ಅದರ ಹಿಡಿತ. ಆದ್ದರಿಂದ ಎರಡು ಮೈಗಳೂ ಗ್ರೀಸಿಲ್ಲದೆ ಶುಚಿಯಾಗಿರಬೇಕು. ನಟ್ಟನ್ನು ಹೇಳಿದಷ್ಟು ಬಿಗಿದ ಮೇಲೆ ಸ್ಪ್ಲಿಟ್ ಪಿನ್ನಿನ ರಂಧ್ರ ನೇರಕ್ಕೆ ಬಾರದಿದ್ದರೆ ಇನ್ನಷ್ಟು ಬಿಗಿಯಬೇಕು, ಎಂದಿಗೂ ಸಡಿಲಿಸಬಾರದು. ಪಿನ್ನು ಹೊಸದೇ ಆಗಬೇಕು. ಅದರ ಬೆಲೆ ಒಂದು ಲೋಟ ಚಹಕ್ಕಿಂತ ಕಡಮೆ. ಬುಷ್ಷಿನ ವಿಷಯದಲ್ಲಿ ಗ್ಯಾರೇಜುಗಳಲ್ಲಿ ಆಗಾಗ್ಗೆ ಒಂದು ತಪ್ಪು ನಡೆಯುತ್ತದೆ: ಚಕ್ರ ಜೋತಾಡುತ್ತಿರುವಾಗಲೇ ತೋಳಿನ ಬೋಲ್ಟನ್ನು ಪೂರ್ತಿ ಬಿಗಿದುಬಿಡುತ್ತಾರೆ. ಗಾಡಿಯನ್ನು ಇಳಿಸಿದೊಡನೆ ರಬ್ಬರು ತಿರುಚಿಕೊಳ್ಳುತ್ತದೆ, ಮತ್ತು ಸದಾ ತಿರುಚಿದ ಸ್ಥಿತಿಯಲ್ಲಿಯೇ ಇದ್ದು ಬೇಗ ಹರಿಯುತ್ತದೆ. ಚಕ್ರಗಳು ಭಾರ ಹೊತ್ತು ನಿಂತ ಮೇಲೆಯೇ ಕೊನೆಯ ಬಿಗಿ ಕೊಡಬೇಕು. ಇಷ್ಟಾದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸುವುದು ಕಡ್ಡಾಯ. ಟೈ ರಾಡ್ ಎಂಡನ್ನು ಬಿಚ್ಚುವಾಗ ಎಷ್ಟು ಸುತ್ತಿಗೆ ಹೊರಬಂತೆಂದು ಎಣಿಸಿಟ್ಟುಕೊಂಡರೆ ಅಲ್ಲಿಯವರೆಗೆ ಗಾಡಿಯನ್ನು ನಿಧಾನವಾಗಿ ನಡೆಸಿಕೊಂಡು ಹೋಗಬಹುದು.

ಕಳಚಿದ ಹಳೆಯ ಕೀಲನ್ನು ಎಸೆಯಬೇಡಿರಿ. ಕಾಲೇಜಿನ ಕಾರ್ಯಾಗಾರದಲ್ಲಿ ಅದನ್ನು ವೈಸಿನಲ್ಲಿ ಕಚ್ಚಿಸಿ ಲೋಹದ ಗರಗಸದಿಂದ ಗೂಡನ್ನು ಉದ್ದಕ್ಕೆ ಕೊಯ್ಯಿರಿ. ಹರಿದ ಮುಸುಕಿನ ಮೂಲಕ ಸೇರಿದ ಮಣ್ಣು ಗ್ರೀಸಿನೊಡನೆ ಕಲೆತು ಅರೆಯುವ ಕಲ್ಲಿನ ಪುಡಿಯಂತಾಗಿರುವುದನ್ನು ಕಾಣುವಿರಿ. ಬಳಿಕ ಗುಂಡನ್ನು ಒರೆಸಿ ಮೈಕ್ರೋಮೀಟರಿನಿಂದ ಎರಡು ಮೂರು ದಿಕ್ಕುಗಳಲ್ಲಿ ಅದರ ವ್ಯಾಸವನ್ನು ಅಳೆಯಿರಿ. ಅಳತೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ, ಆ ವ್ಯತ್ಯಾಸವನ್ನು ತಿರುಗುತೋಳಿನ ಉದ್ದದಿಂದ ಭಾಗಿಸಿ, ನಿಮ್ಮ ಗಾಡಿಯ ಟೈರು ಕಿಲೋಮೀಟರಿಗೆ ಹೆಚ್ಚೆಂದರೆ ಎಷ್ಟು ಮೀಟರ್ ಅಡ್ಡಲಾಗಿ ಉಜ್ಜಿದ್ದೀತೆಂದು ಲೆಕ್ಕ ಹಾಕಿರಿ.