ಸುವಾರ್ತೆಯ ಪಾಲು

ಹಲವು ವರ್ಷ ನಮ್ಮ ಸಭೆಯ ಖಜಾಂಚಿಯಾಗಿದ್ದು, ಭಾನುವಾರದ ಆರಾಧನೆ ಮುಗಿದೊಡನೆ ಕಾಣಿಕೆಯ ಚೀಲಗಳನ್ನು ಮೇಜಿನ ಮೇಲೆ ಸುರಿದು ಎಣಿಸಿದವನಿಗೆ, ವಿಶ್ವಾಸಿಗಳ ಭಕ್ತಿಯ ಆಳವು ತಿಳಿಯದಿದ್ದರೂ ಅವರ ಔದಾರ್ಯವು ಯಾವ ದಿಕ್ಕಿಗೆ ಹರಿಯುವುದೆಂಬುದು ಚೆನ್ನಾಗಿ ತಿಳಿಯುತ್ತದೆ. ಗೋಪುರಕ್ಕೆ, ಆವರಣದ ಗೋಡೆಗೆ, ದಾನಿಯ ನಾಮಧೇಯವನ್ನು ಕೆತ್ತಿದ ಅಮೃತಶಿಲೆಯ ಫಲಕಕ್ಕೆ ಹಣವು ಕೇಳುವ ಮೊದಲೇ ಬರುತ್ತದೆ. ಬೆಳೆಹಬ್ಬದ ಏಲಮಿನಲ್ಲಿ ಒಂದು ಕುಂಬಳಕಾಯಿಯು ಪೇಟೆಯ ಧಾರಣೆಯ ಹತ್ತು ಪಟ್ಟಿಗೆ ಹೋದುದನ್ನೂ ಕಂಡಿದ್ದೇನೆ, ಅದರಲ್ಲಿ ಆಕ್ಷೇಪಾರ್ಹವಾದುದೇನೂ ಇಲ್ಲ. ಆದರೆ ಊರಿಂದೂರಿಗೆ ಹೋಗಿ ವಾಕ್ಯವನ್ನು ಸಾರುವ ಸುವಾರ್ತಿಕರ ಸಂಬಳ, ಬಸ್ಸಿನ ಖರ್ಚು, ಅವರು ಹಂಚುವ ಪುಸ್ತಕಗಳ ಕ್ರಯ, ಇವುಗಳ ತಲೆಬರಹದಡಿ ವರ್ಷಾಂತ್ಯದಲ್ಲಿ ಕಾಣುತ್ತಿದ್ದ ಮೊತ್ತವನ್ನು ಸಭೆಯ ಮುಂದೆ ಓದುವಾಗ ನನ್ನ ಧ್ವನಿಯು ತಾನಾಗಿಯೇ ತಗ್ಗುತ್ತಿತ್ತು. ಅದೇ ಸಭೆಯಲ್ಲಿ ಉಜ್ಜೀವನಕ್ಕಾಗಿ ನಡೆಯುವ ಉಪವಾಸ ಪ್ರಾರ್ಥನೆಗೆ ಮಾತ್ರ ಎಂದೂ ಕೊರತೆಯಿರಲಿಲ್ಲ.

ಉಜ್ಜೀವನವು ಹಣಕ್ಕೆ ದೊರೆಯುವ ವಸ್ತುವಲ್ಲ. ಇದನ್ನು ಹಣಕಾಸಿನ ಅಂಕಣಕಾರನೇ ಮೊದಲು ಹೇಳಬೇಕು. ಸಾವಿರವನ್ನು ಬಿತ್ತಿರಿ, ಲಕ್ಷವನ್ನು ಕೊಯ್ಯಿರಿ ಎಂದು ವೇದಿಕೆಯ ಮೇಲಿಂದ ಕೂಗುವವರು ಮಾಡುವುದು ಸುವಾರ್ತಾಪ್ರಸಾರವಲ್ಲ, ಲೇವಾದೇವಿ. ಅದೂ ಪ್ರಾಮಿಸರಿ ನೋಟಿಲ್ಲದ ಲೇವಾದೇವಿ. ನಮ್ಮ ಸಹ್ಯಾದ್ರಿಯ ಗಂಗಾಮೂಲದಲ್ಲಿ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು ಪುಣೆಯ ಸಮೀಪದ ಕೆಡಗಾಂವಿನಲ್ಲಿ ನಡೆಸುತ್ತಿದ್ದ ಮುಕ್ತಿ ಸದನದಲ್ಲಿ 1905ರಲ್ಲಿ, ಕ್ಷಾಮದಿಂದ ಪಾರಾಗಿ ಬಂದ ಹೆಣ್ಣುಮಕ್ಕಳು ಪಶ್ಚಾತ್ತಾಪದಿಂದ ಕಣ್ಣೀರಿಟ್ಟು ಪ್ರಾರ್ಥಿಸತೊಡಗಿ, ಬಳಿಕ ತಂಡತಂಡವಾಗಿ ಹಳ್ಳಿಗಳಿಗೆ ಸುವಾರ್ತೆಯನ್ನು ಒಯ್ದರು. ಅದು ಯಾರ ದೇಣಿಗೆಯ ಪ್ರತಿಫಲವೂ ಆಗಿರಲಿಲ್ಲ. ಆದರೂ ಅದಕ್ಕೆ ಹಿಂದಿನ ವರ್ಷಗಳಲ್ಲಿ ಆ ನೂರಾರು ಮಕ್ಕಳಿಗೆ ಹಿಟ್ಟು, ಬಟ್ಟೆ, ಅಕ್ಷರ, ವಾಕ್ಯಗಳನ್ನು ಒದಗಿಸಿದವರ ಕಾಣಿಕೆಗಳು ಬಾರದೇ ಇದ್ದಿದ್ದರೆ, ಆ ಪ್ರಾರ್ಥನೆಗೆ ಮೊಣಕಾಲೂರಲು ಅಲ್ಲಿ ಯಾರಿರುತ್ತಿದ್ದರು? ಮಿಜೋ ಬೆಟ್ಟಗಳಲ್ಲಿ ಕ್ರಮವೇ ತಿರುಗುಮುರುಗು: ಉಜ್ಜೀವನವು 1906ರಲ್ಲಿ ಬಂದಿತು, ಅಡುಗೆಗೆ ಅಳೆಯುವಾಗಲೆಲ್ಲ ಒಂದು ಹಿಡಿ ಅಕ್ಕಿಯನ್ನು ದೇವರ ಸೇವೆಗೆಂದು ತೆಗೆದಿಡುವ ಅಲ್ಲಿನ ಗೃಹಿಣಿಯರ ಪದ್ಧತಿಯು 1910ರಲ್ಲಿ ಮೊದಲಾಗಿ, ಇಂದಿಗೂ ಅಲ್ಲಿನ ಸಭೆಗಳ ಆದಾಯಕ್ಕೆ ಗಟ್ಟಿಯಾದ ಆಧಾರವಾಗಿದೆ.

ಸಣ್ಣ ಮೊತ್ತದ ಈ ಶಕ್ತಿಯನ್ನು ಮಂಗಳೂರಿನವರಾದ ನಾವು ಬೇರೆಯವರಿಂದ ಕಲಿಯಬೇಕಾಗಿಲ್ಲ. 1834ರಲ್ಲಿ ನಮ್ಮ ಕರಾವಳಿಗೆ ಬಂದಿಳಿದ ಬಾಸೆಲ್ ಮಿಷನಿನವರ ಹಿಂದೆ ಸಿರಿವಂತರು ಮಾತ್ರವೇ ಇದ್ದರೆಂದು ಭಾವಿಸುವವರುಂಟು. ಆದರೆ 1855ರಲ್ಲಿ ಸ್ವದೇಶದಲ್ಲಿ ಅವರು ಆರಂಭಿಸಿದ್ದು ವಾರಕ್ಕೆ ಅರ್ಧ ಬಾಟ್ಸನ್, ಎಂದರೆ ಕೇವಲ ಐದು ರಾಪ್ಪೆನ್ನಿನ ಚಂದಾ, ಸಾಮಾನ್ಯರ ಮನೆಮನೆಯಿಂದ ಕೂಡಿಸಿದ ಚಿಲ್ಲರೆ. 1865ರಲ್ಲಿ ಇಲ್ಲಿ ಸ್ಥಾಪಿತವಾದ ಹೆಂಚಿನ ಕಾರ್ಖಾನೆಯ ಕಥೆಯನ್ನು ಎಲ್ಲರೂ ಬಲ್ಲರು. ಆದರೆ ಮೊದಲ ಮಹಾಯುದ್ಧದಲ್ಲಿ ಮಿಷನರಿಗಳು ಬಂಧಿತರಾಗಿ, ಕಾರ್ಖಾನೆಗಳು ಪರಹಸ್ತಗತವಾದಾಗ, ಪರದೇಶದ ಆಸರೆಯಲ್ಲಿ ಬೆಳೆದ ಸಭೆಗಳು ದಿಕ್ಕುಗಾಣದಾದುದನ್ನು ನೆನೆಯುವವರು ವಿರಳ. ಅದಕ್ಕಿಂತ ಮುನ್ನವೇ, 1905ರಲ್ಲಿ, ಶ್ರೀರಾಂಪುರದಲ್ಲಿ ವಿ. ಎಸ್. ಅಜರಯ್ಯ ಮೊದಲಾದವರು ಸ್ಥಾಪಿಸಿದ ನ್ಯಾಷನಲ್ ಮಿಷನರಿ ಸೊಸೈಟಿಯು ಈ ನಾಡಿನ ಜನ, ಈ ನಾಡಿನ ಹಣ, ಈ ನಾಡಿನವರದೇ ಆಡಳಿತ ಎಂಬ ತತ್ತ್ವವನ್ನು ಹಿಡಿದಿತ್ತು. ವಿದೇಶೀ ದೇಣಿಗೆಯ ಕಾನೂನು 2020ರ ತಿದ್ದುಪಡಿಯಿಂದ ಮತ್ತಷ್ಟು ಬಿಗಿಯಾಗಿರುವ ಈ ಕಾಲದಲ್ಲಿ ಆ ದೂರದೃಷ್ಟಿಯು ನನಗೆ ಬಹಳ ದೊಡ್ಡದಾಗಿ ತೋರುತ್ತದೆ.

ಇನ್ನು ಮನೆಯ ಲೆಕ್ಕ. ದಶಮಾಂಶವನ್ನು ಒಟ್ಟು ಸಂಬಳದ ಮೇಲೆ ಕೊಡಬೇಕೋ, ಭವಿಷ್ಯನಿಧಿ ಕಳೆದು ಕೈಗೆ ಬಂದುದರ ಮೇಲೋ ಎಂಬ ತರ್ಕದಲ್ಲಿ ಹಿರಿಯರು ಊಟದ ಹೊತ್ತನ್ನೂ ಮರೆತುದನ್ನು ನೋಡಿದ್ದೇನೆ; ಎರಡರಲ್ಲಿ ಯಾವುದಾದರೂ ಸರಿ, ಅದು ಮೊದಲೇ ನಿಶ್ಚಯವಾಗಿರಲಿ. ವಾರದ ಮೊದಲ ದಿನದಲ್ಲಿ ತೆಗೆದಿಡಬೇಕೆಂದು ಪೌಲನು ಕೊರಿಂಥದವರಿಗೆ ಹೇಳಿದುದರ ವಿವೇಕವು ಇಲ್ಲಿದೆ. ತಿಂಗಳ ಕೊನೆಯಲ್ಲಿ ಉಳಿದುದನ್ನು ಕೊಡುವೆನೆಂಬವನಿಗೆ ಉಳಿಯುವುದು ಸಂಕಲ್ಪವೊಂದೇ. ನನ್ನ ಮನೆಯಲ್ಲಿ ಸಂಬಳ ಬಂದ ಮರುದಿನವೇ ಒಂದು ಪಾಲು ತಾನಾಗಿ ಬೇರೆ ಖಾತೆಗೆ ವರ್ಗವಾಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟಿದ್ದೇನೆ. ಇದರಿಂದ ಕೊಡುವಾಗಿನ ಹಿಂಜರಿಕೆಯೂ, ಕೊಟ್ಟ ಮೇಲಿನ ಅಹಂಕಾರವೂ ಬಹುಮಟ್ಟಿಗೆ ತಪ್ಪಿವೆ. ಸಾಲ ಮಾಡಿ ಕೊಡಬಾರದು. ಇಲ್ಲದುದನ್ನು ದೇವರು ಕೇಳುವವನಲ್ಲವೆಂದು ಅದೇ ಪೌಲನು ಬರೆದಿದ್ದಾನೆ. ತೆರಿಗೆಯ ಲಾಭವನ್ನೂ ನಿರೀಕ್ಷಿಸಬೇಡಿರಿ: ಹೊಸ ಪದ್ಧತಿಯನ್ನು ಆಯ್ದವರಿಗೆ ದೇಣಿಗೆಯ ಕಡಿತವೇ ಇಲ್ಲ, ಹಳೆಯದರಲ್ಲಿಯೂ ಕೇವಲ ಧಾರ್ಮಿಕೋದ್ದೇಶದ ನಿಧಿಗೆ ಅದು ಸಾಮಾನ್ಯವಾಗಿ ದೊರೆಯದು, 2000 ರೂಪಾಯಿಗೆ ಮೀರಿದ ನಗದಿಗಂತೂ ಇಲ್ಲವೇ ಇಲ್ಲ.

ಕೊಡುವ ಮೊದಲು ಲೆಕ್ಕವನ್ನು ಕೇಳಿರಿ. ಲೆಕ್ಕಪರಿಶೋಧಕರ ವರದಿಯನ್ನು ತೋರಿಸಲು ಮುನಿಸಿಕೊಳ್ಳುವ ಸಂಸ್ಥೆಗೆ, ಅದರ ಬೋಧಕನು ಎಷ್ಟೇ ವಾಗ್ಮಿಯಾಗಿರಲಿ, ನಾನು ಕೊಡುವುದಿಲ್ಲ. ವರದಿಯಲ್ಲಿ ನಾನು ಮೊದಲು ಹುಡುಕುವುದು ಸುವಾರ್ತಿಕರ ಆರೋಗ್ಯ ವಿಮೆಯ ಕಂತು ಮತ್ತು ಅವರ ನಿವೃತ್ತಿಗಾಗಿ ತೆಗೆದಿಟ್ಟ ಹಣ. ಜೀವಮಾನವೆಲ್ಲ ಸಭೆಗಾಗಿ ನಡೆದವನು ಮುಪ್ಪಿನಲ್ಲಿ ಔಷಧಕ್ಕಾಗಿ ಪರರ ಮುಂದೆ ಕೈಯೊಡ್ಡುವುದನ್ನು ಕಣ್ಣಾರೆ ಕಂಡ ಯುವಕರು ಈ ಸೇವೆಗೆ ಹೇಗೆ ಮುಂದೆ ಬಂದಾರು? ಉಜ್ಜೀವನವು ಯಾವ ವರ್ಷ ಬರುವುದೆಂದು ಯಾವ ಆಯವ್ಯಯ ಪತ್ರಿಕೆಯಲ್ಲಿಯೂ ಬರೆಯಲಾಗದು. ಅದು ಬರುವ ದಿನ ಹೊಸದಾಗಿ ವಾಕ್ಯವನ್ನು ಕೇಳಬಯಸಿ ಬರುವವರಿಗೆ ಬೋಧಿಸಲು, ತರಬೇತಿ ಪಡೆದ, ಹೊಟ್ಟೆ ತುಂಬಿದ, ಸಾಲದ ಚಿಂತೆಯಿಲ್ಲದ ಇಬ್ಬರಾದರೂ ಸಭೆಯಲ್ಲಿರಬೇಕೆಂದು ನನ್ನ ಆಶೆ. ಅವರ ಮುಂದಿನ ವರ್ಷದ ವಿಮೆಯ ಕಂತನ್ನು ಮಾರ್ಚಿನಲ್ಲಿ ಕಟ್ಟಬೇಕಾಗಿದೆ.