ಯಾರಿಗೂ ಹೇಳಬೇಡಿ ಅಂದರೆ ಎಲ್ಲರಿಗೂ ಹೇಳಿ

ಲಾಟರಿ ಹೊಡೆದಿದೆ ಅಂತ ಬರುವ ಇಮೇಲನ್ನು ನೀವು ಓದದೆಯೇ ಅಳಿಸಿಬಿಡುತ್ತೀರಿ, ಗೊತ್ತು. ಒಂದನ್ನಾದರೂ ಪೂರ್ತಿ ಓದಿ ಅನ್ನುತ್ತೇನೆ ನಾನು. ಲಿಂಕ್ ಒತ್ತಬೇಡಿ, ಜೊತೆಗಿರುವ ಫೈಲ್ ತೆರೆಯಬೇಡಿ, ಸುಮ್ಮನೆ ಓದಿ. ಮೇಲೆ ಅಭಿನಂದನೆ. ಆಮೇಲೆ ಲಂಡನ್ನಿನಲ್ಲೋ ಮ್ಯಾಡ್ರಿಡ್ಡಿನಲ್ಲೋ ಕಂಪ್ಯೂಟರ್ ಒಂದು ಲಕ್ಷಾಂತರ ವಿಳಾಸಗಳ ನಡುವೆ ನಿಮ್ಮದನ್ನೇ ಆರಿಸಿತು ಅನ್ನೋ ಕಥೆ. ಬ್ಯಾಚ್ ನಂಬರು, ಸೀಲು, ಸಹಿ. ಕೊನೆಯ ಹೊತ್ತಿಗೆ ಒಂದು ಸಾಲು ಬರುತ್ತದೆ: ಹಣ ಕೈಸೇರುವ ತನಕ ವಿಷಯ ಗುಟ್ಟಾಗಿರಲಿ, ಬೇರೆ ಯಾರಾದರೂ ನಿಮ್ಮ ಬಹುಮಾನ ಹೊಡೆದುಕೊಂಡಾರು. ಉಳಿದದ್ದೆಲ್ಲ ಅಲಂಕಾರ ಕಣ್ರಪ್ಪಾ, ಪತ್ರ ಬರೆದದ್ದೇ ಆ ಸಾಲಿಗೆ.

ನಮ್ಮ ದಾವಣಗೆರೆ ಕಡೆ ಒಬ್ಬನೇ ಕೂತು ಮುಗಿಸುವ ವ್ಯವಹಾರ ಯಾವುದಿದೆ ಹೇಳಿ. ಚನ್ನಗಿರಿಯಲ್ಲಿ ಅಡಿಕೆಯನ್ನು ಇವತ್ತೇ ಬಿಡೋದೋ, ರೇಟು ಏರುವ ತನಕ ಕಾಯೋದೋ ಅಂತ ಅಣ್ಣತಮ್ಮಂದಿರಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ಜಗಳೂರಿನವರು ಬೋರು ಕೊರೆಸುವ ಮುಂಚೆ ಅರ್ಧ ಊರನ್ನು ಕೇಳುತ್ತಾರೆ, ಕೊರೆಸಿ ನೀರು ಬರದಿದ್ದರೆ ಇನ್ನರ್ಧ ಊರು ಬುದ್ಧಿ ಹೇಳುತ್ತದೆ. ಲಾಟರಿಯ ಸುದ್ದಿಯೂ ಹಾಗೆ ಹತ್ತು ಕಿವಿಗೆ ಬಿತ್ತು ಅಂದರೆ ಯಾರಾದರೊಬ್ಬ ಕೇಳಿಯೇ ಕೇಳುತ್ತಾನೆ: "ಟಿಕೆಟ್ಟೇ ತಗೊಂಡಿಲ್ಲ, ಬಹುಮಾನ ಎಲ್ಲಿಂದ ಬಂತೋ ಮಾರಾಯ?" ಅವನ ಬಾಯಿ ಕಟ್ಟುವುದಕ್ಕೇ ಆ ಗುಟ್ಟಿನ ಮಾತು.

ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೂದಲು ಬೆಳ್ಳಗಾದವನು ನಾನು. ಖಾತೆ ನಂಬರು ಬರೆದ ಚೀಟಿ ಹಿಡಿದು ಹಣ ಕಟ್ಟಲು ಬಂದವರನ್ನು "ಇವರು ಯಾರು, ಏನಾಗಬೇಕು ನಿಮಗೆ" ಅಂತ ಕೇಳಿದರೆ "ಸಂಬಂಧಿಕರು" ಅನ್ನುತ್ತಿದ್ದರು. ಸಂಬಂಧಿಕರ ಹೆಸರನ್ನು ಚೀಟಿ ನೋಡದೆ ಹೇಳಲು ಬರುತ್ತಿರಲಿಲ್ಲ. ಬ್ಯಾಂಕಿನವರು ಕೇಳಿದರೆ ಹೀಗೆ ಹೇಳಿ ಅಂತ ಆ ಕಡೆಯವನು ಫೋನಿನಲ್ಲಿ ಪಾಠ ಮಾಡಿಟ್ಟಿರುತ್ತಿದ್ದ. ಮೊದಲು ಪ್ರೊಸೆಸಿಂಗ್ ಫೀಸು, ಆಮೇಲೆ ಕಸ್ಟಮ್ಸ್ ಸುಂಕ, ಅದಾದ ಮೇಲೆ ರಿಸರ್ವ್ ಬ್ಯಾಂಕಿನ ಪರವಾನಗಿ ಅಂತ ಇನ್ನೊಂದು. ಮೊದಲು ಕಟ್ಟಿದ್ದು ಮುಳುಗಬಾರದು ಅಂತ ಎರಡನೆಯದು ಕಟ್ಟುವುದು, ಎರಡನ್ನೂ ಉಳಿಸಿಕೊಳ್ಳಲು ಮೂರನೆಯದು. ಆಸೆಬುರುಕರು ಅಂತ ಇವರನ್ನು ನೋಡಿ ನಗಬೇಡಿ. ಎರಡನೆಯ ಕಂತಿನಿಂದ ಆಚೆಗೆ ಅವರನ್ನು ಎಳೆಯುತ್ತಿದ್ದದ್ದು ಆಸೆಯಲ್ಲ, ಭಯ.

ನಿಜವಾದ ಲಾಟರಿ ಹೇಗಿರುತ್ತದೆ ಅಂತ ನಿಮ್ಮಂಥ ಹುಡುಗ ಹುಡುಗಿಯರು ನೋಡಿಲ್ಲ. 2007ರಲ್ಲಿ ನಮ್ಮ ರಾಜ್ಯದಲ್ಲಿ ಲಾಟರಿ ನಿಷೇಧವಾಯಿತು. ಅದೇ ವರ್ಷ ಸಾರಾಯಿಯೂ ನಿಂತಿತು, ಎಷ್ಟೋ ಮನೆಗಳ ಹೆಣ್ಣುಮಕ್ಕಳಿಗೆ ಒಳ್ಳೆಯ ವರ್ಷ ಅದು. ಕೇರಳದಲ್ಲಿ ಸರ್ಕಾರವೇ ಲಾಟರಿ ನಡೆಸುತ್ತದೆ. 2024ರ ಓಣಂ ಬಂಪರಿನ 25 ಕೋಟಿ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ ಬಂತು. ಅವರ ಕೈಯಲ್ಲಿ ವಯನಾಡಿನಲ್ಲಿ ಮಾರಾಟವಾದ ಕಾಗದದ ಟಿಕೆಟ್ ಇತ್ತು. ಅಲ್ಲಿ ತೆರಿಗೆ, ಏಜೆಂಟರ ಕಮಿಷನ್ ಎಲ್ಲವನ್ನೂ ಬಹುಮಾನದಲ್ಲೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಗೆದ್ದವನ ಜೇಬಿಗೆ ಕೈ ಹಾಕಿ ಮೊದಲು ಇಷ್ಟು ಕಟ್ಟು ಅನ್ನುವುದಿಲ್ಲ. ಇನ್ನು ವಿದೇಶದ ಲಾಟರಿಗೆ ಇಲ್ಲಿಂದ ಹಣ ಕಳಿಸುವುದೇ 1999ರ ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ತಪ್ಪು. ರಿಸರ್ವ್ ಬ್ಯಾಂಕು ನಮ್ಮ ನಿಮ್ಮಂಥವರ ಖಾತೆ ಇಟ್ಟುಕೊಳ್ಳುವುದೂ ಇಲ್ಲ, ಗವರ್ನರ್ ಸಾಹೇಬರು ಯಾರಿಗೂ ಬಹುಮಾನದ ಇಮೇಲ್ ಬರೆಯುವುದೂ ಇಲ್ಲ. ಕಳಿಸಿದವರ ಹೆಸರಿನ ಮೇಲೆ ಬೆರಳಿಟ್ಟು ನೋಡಿ. ದೊಡ್ಡ ಬ್ಯಾಂಕಿನ ಹೆಸರಿನ ಹಿಂದೆ ಯಾವನದೋ ಜಿಮೇಲ್ ವಿಳಾಸ ಇಣುಕುತ್ತದೆ.

ಇಮೇಲೇ ಬರಬೇಕೆಂದಿಲ್ಲ. ಕೌನ್ ಬನೇಗಾ ಕರೋಡ್‌ಪತಿಯ ಹೆಸರಲ್ಲಿ 25 ಲಕ್ಷ ಬಂದಿದೆ ಅಂತ ವಾಟ್ಸಾಪಿಗೆ ಧ್ವನಿ ಸಂದೇಶ ಬರುತ್ತದೆ. ಅಮಿತಾಭ್ ಬಚ್ಚನ್ ಫೋಟೊ ಇರುತ್ತದೆ, ನಂಬರು ಮಾತ್ರ ಎಷ್ಟೋ ಸಲ ಪಾಕಿಸ್ತಾನದ +92ರಿಂದ ಶುರುವಾಗುತ್ತದೆ.

ಇಷ್ಟಾದರೂ ನಿಮ್ಮವ್ವನೋ ಅಜ್ಜನೋ ಯಾಕೆ ನಂಬುತ್ತಾರೆ? ಅವರ ಅನುಭವದಲ್ಲಿ ಫೋನು ಸದ್ದು ಮಾಡಿದರೆ ಹಣ ಬರುವುದು ನಿಜ. ಗೃಹಲಕ್ಷ್ಮಿಯ 2,000 ಹಾಗೇ ಬರುತ್ತದೆ, ಪಿಎಂ ಕಿಸಾನ್ ಕಂತೂ ಹಾಗೇ, ಬರ ಬಿದ್ದ ವರ್ಷ ಬೆಳೆ ಪರಿಹಾರವೂ ಹಾಗೇ. ಜಗಳೂರಿನ ಮೆಕ್ಕೆಜೋಳದ ರೈತನಿಗೆ "ನಿಮ್ಮ ಖಾತೆಗೆ ಹಣ ಮಂಜೂರಾಗಿದೆ" ಅನ್ನೋ ಮಾತು ಪವಾಡದಂತೆ ಕೇಳುವುದಿಲ್ಲ. ಅದಕ್ಕೇ ಕಳ್ಳರು ಪಿಎಂ ಕಿಸಾನ್ ಹೆಸರಿನ ಎಪಿಕೆ ಫೈಲನ್ನೂ ಕಳಿಸುತ್ತಾರೆ. ಅದನ್ನು ಹಾಕಿಕೊಂಡರೆ ಫೋನಿಗೆ ಬರುವ ಓಟಿಪಿ ಅವರ ಕೈಗೆ. ಮನೆಯವರನ್ನು ಕೂರಿಸಿಕೊಂಡು ಹೇಳಿ: ಆ ಹಣಕ್ಕೆಲ್ಲ ನೀವೇ ಅರ್ಜಿ ಕೊಟ್ಟಿದ್ದಿರಿ, ಇಲ್ಲವೇ ಪಹಣಿ, ಆಧಾರ್ ಸರ್ಕಾರದ ಹತ್ತಿರ ಇತ್ತು, ಹಣ ಬಿಡಲು ಅವರು ಎದುರು ಹಣ ಕೇಳಲಿಲ್ಲ. ಯುಪಿಐ ಪಿನ್ ಒತ್ತುವುದು ಹಣ ಕೊಡುವಾಗ, ತಗೊಳ್ಳುವಾಗಲ್ಲ.

2024ರ ಅಕ್ಟೋಬರಿನಲ್ಲಿ ನ್ಯಾಮತಿಯ ಸ್ಟೇಟ್ ಬ್ಯಾಂಕಿನಿಂದ ಹದಿನೇಳು ಕಿಲೋಗೂ ಮೀರಿದ ಅಡವು ಚಿನ್ನ ಹೋಯಿತಲ್ಲ, ಊರೂರೇ ಅದನ್ನು ಮಾತಾಡಿತು. ಕಿಟಕಿಯ ಸರಳು ಕತ್ತರಿಸಿ, ಲಾಕರು ಕೊರೆದು ಕದ್ದವರನ್ನು ಪೊಲೀಸರು ತಿಂಗಳುಗಟ್ಟಲೆ ಹುಡುಕಿ ಹಿಡಿದರು. ಬಹುಪಾಲು ಚಿನ್ನ ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಬಾವಿಯೊಂದರಲ್ಲಿ ಸಿಕ್ಕಿತು. ಆ ಚಿನ್ನಕ್ಕೆ ಬ್ಯಾಂಕು ಹೊಣೆ ಇತ್ತು. ನಾವೇ ಪಿನ್ ಒತ್ತಿ ಕಳಿಸಿದ ಹಣಕ್ಕೆ ಹಾಗೆ ಹೊಣೆ ಹೊರುವವರು ಸಿಗುವುದು ಕಷ್ಟ.

ನಿಮಗೇ ಹೇಳಬೇಕಾದ ಮಾತು ಬೇರೆ ಇದೆ. ನೀವು ಲಾಟರಿ ಇಮೇಲಿಗೆ ಬೀಳಲಿಕ್ಕಿಲ್ಲ. ಆದರೆ ಬಿದ್ದವರ ಹಣ ಹೋಗಿ ಸೇರಲು ಯಾರದೋ ಒಂದು ಖಾತೆ ಬೇಕು. ಹೊನ್ನಾಳಿಯಲ್ಲೋ ಚನ್ನಗಿರಿಯಲ್ಲೋ ಡಿಗ್ರಿ ಓದುವ ಹುಡುಗನಿಗೆ ಯಾರೋ ಹೇಳುತ್ತಾರೆ, "ನಿನ್ನ ಖಾತೆಗೆ ಹಣ ಬರುತ್ತೆ, ಕಮಿಷನ್ ಇಟ್ಕೊಂಡು ಉಳಿದದ್ದು ಕಳಿಸು." ಇಲ್ಲವೇ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ಮು ಬಾಡಿಗೆಗೆ ಕೊಡು ಅನ್ನುತ್ತಾರೆ. ಕೆಲಸ ಮಾಡದೆ ಬರುವ ಆ ಕಮಿಷನ್ ಯಾವುದೋ ಮುದುಕಿಯ ಪಿಂಚಣಿ ಆಗಿರುತ್ತದೆ. ಪೊಲೀಸರು ಮೊದಲು ಬಂದು ನಿಲ್ಲುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆ ಬಾಗಿಲಿಗೆ. ಕೆಲಸಕ್ಕೆ ಅರ್ಜಿ ಹಾಕುವ ವಯಸ್ಸಿನಲ್ಲಿ ಕೇಸು ಮೈಮೇಲೆ ಎಳೆದುಕೊಳ್ಳಬೇಡಿ.

ಮನೆಯಲ್ಲಿ ಯಾರಾದರೂ ಮೋಸ ಹೋದರೆ ಬೈಯುವುದನ್ನು ನಾಳೆಗೆ ಇಟ್ಟುಕೊಳ್ಳಿ. ಬೈಗುಳದ ಹೆದರಿಕೆಗೇ ಅವರು ದಿನಗಟ್ಟಲೆ ಬಾಯಿ ಬಿಡುವುದಿಲ್ಲ, ಅಷ್ಟರಲ್ಲಿ ಹಣ ನಾಲ್ಕು ಖಾತೆ ದಾಟಿರುತ್ತದೆ. ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೆ ತಿಳಿಸಿ, ದಾವಣಗೆರೆಯ ಸೈಬರ್ ಠಾಣೆಗೆ ದೂರು ಕೊಡಿ. ಹಣ ಕಳಿಸಿದ ಯುಟಿಆರ್ ನಂಬರು, ಸಮಯ, ಅವರ ಫೋನ್ ನಂಬರು ಬರೆದಿಟ್ಟುಕೊಳ್ಳಿ. ಇಮೇಲ್, ಮೆಸೇಜು ಯಾವುದನ್ನೂ ಅಳಿಸಬೇಡಿ. ಬೇಗ ಹೇಳಿದರೆ ಹಣ ಮುಂದಿನ ಖಾತೆಗೆ ಜಾರದಂತೆ ತಡೆಯಲು ಸಾಧ್ಯವಿದೆ.

ಸ್ವಲ್ಪ ದಿನ ಬಿಟ್ಟು ಇನ್ನೊಂದು ಫೋನು ಬಂದರೂ ಬಂದೀತು. ನಾವು ವಕೀಲರು, ಸೈಬರ್ ಇಲಾಖೆಯವರು, ನಿಮ್ಮ ಹಣ ಪತ್ತೆಯಾಗಿದೆ, ವಾಪಸು ಕೊಡಿಸುತ್ತೇವೆ, ಸಣ್ಣದೊಂದು ಫೀಸು ಕಟ್ಟಿ ಅನ್ನುತ್ತಾರೆ. ಮೋಸ ಹೋದವರ ಪಟ್ಟಿಯೂ ಕಳ್ಳರ ನಡುವೆ ಮಾರಾಟವಾಗುತ್ತದೆ. ಅವರೂ ಸದ್ಯಕ್ಕೆ ಯಾರಿಗೂ ಹೇಳಬೇಡಿ ಅಂತಲೇ ಹೇಳುತ್ತಾರೆ.