ಚಿನ್ನುಗೆ ಹಸಿ ಮೂಳೆ ಕೊಡಬಹುದೇ?

ಪ್ರಶ್ನೆ: ನಮ್ಮ ಪಾಮೇರಿಯನ್ ಚಿನ್ನುಗೆ ಐದು ವರ್ಷ, ತೂಕ ನಾಲ್ಕು ಕೆ.ಜಿ. ಈಚೆಗೆ ಬಾಯಿ ತುಂಬ ನಾರುತ್ತದೆ. ಮೆಲ್ಬರ್ನ್‌ನಲ್ಲಿರುವ ಮಗ, ‘ಹಸಿ ಮೂಳೆ ಕೊಡಮ್ಮ, ಹಲ್ಲು ತಾನಾಗೇ ಚೊಕ್ಕಟವಾಗುತ್ತೆ’ ಅಂತಾನೆ. ಯಜಮಾನರು ಭಾನುವಾರದ ಕೋಳಿಸಾರಿನ ಮೂಳೆಯನ್ನೇ ಹಾಕುತ್ತಾರೆ. ಗಂಟಲಿಗೆ ಸಿಕ್ಕಿಕೊಂಡರೆ ಅಂತ ನನಗೆ ಭಯ. ಬರುವ ತಿಂಗಳು ಮಗಳು ಬೇರೆ ಹೆರಿಗೆಗೆ ಬರುತ್ತಿದ್ದಾಳೆ. ಏನು ಮಾಡಲಿ ಡಾಕ್ಟ್ರೇ?
– ಓದುಗರೊಬ್ಬರು, ತುಮಕೂರು

ಉತ್ತರ: ಅಮ್ಮಾ, ಮೊದಲು ಯಜಮಾನರ ವಿಷಯ ಮುಗಿಸಿಬಿಡೋಣ. ಸಾರಿನ ಮೂಳೆ ಇವತ್ತಿನಿಂದಲೇ ನಿಲ್ಲಲಿ. ಬೆಂದ ಮೂಳೆಯಲ್ಲಿ ಬಾಗುವ ಗುಣ ಹೋಗಿರುತ್ತದೆ, ಕಚ್ಚಿದರೆ ಚೂಪಾಗಿ ಸೀಳುತ್ತದೆ. ಮಸಾಲೆಯಲ್ಲಿರುವ ಈರುಳ್ಳಿ, ಬೆಳ್ಳುಳ್ಳಿಯಂತೂ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ‘ಬೀದಿನಾಯಿ ತಿಂದು ಅರಗಿಸಿಕೊಳ್ಳಲ್ವಾ?’ ಎಂದು ಅವರು ಕೇಳಬಹುದು. ಅರಗದೆ ಸತ್ತ ಬೀದಿನಾಯಿಗಳ ಲೆಕ್ಕ ಯಾರೂ ಇಟ್ಟಿಲ್ಲ.

ಮಗನ ಮಾತಿನಲ್ಲಿ ಹುರುಳಿದೆ. ಈ ವಾದ ಬಲವಾಗಿ ಬೆಳೆದದ್ದೇ ಆಸ್ಟ್ರೇಲಿಯಾದಲ್ಲಿ. ಅಲ್ಲಿನ ಪಶುವೈದ್ಯರಾದ ಇಯಾನ್ ಬಿಲ್ಲಿಂಗ್‌ಹರ್ಸ್ಟ್ 1993ರಲ್ಲಿ, ಟಾಮ್ ಲಾನ್ಸ್‌ಡೇಲ್ 2001ರಲ್ಲಿ ಇದರ ಪರವಾಗಿ ಪುಸ್ತಕವನ್ನೇ ಬರೆದರು. ಮಾಂಸ ಅಂಟಿದ ಹಸಿ ಮೂಳೆಯನ್ನು ಕಡಿದು ಎಳೆಯುವಾಗ ಹಲ್ಲಿನ ಕೊಳೆ ಉಜ್ಜಿಹೋಗುವುದೂ ನಿಜ. ಆದರೆ ನಿಮ್ಮ ಮಗ ಇರುವ ಊರಿನಲ್ಲೇ, ಮೆಲ್ಬರ್ನ್ ವಿಶ್ವವಿದ್ಯಾಲಯದವರು 2018ರಲ್ಲಿ ಇನ್ನೊಂದು ಸಂಗತಿ ಪ್ರಕಟಿಸಿದರು: ಹಿಂಗಾಲಿನಿಂದ ಶುರುವಾಗಿ ಮೈಯೆಲ್ಲ ಸೋತುಹೋಗುವ ಒಂದು ನರರೋಗಕ್ಕೂ ಹಸಿ ಕೋಳಿಮಾಂಸಕ್ಕೂ ನಂಟಿದೆ ಎಂದು. ಶಂಕೆ ಇರುವುದು ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುವಿನ ಮೇಲೆ. ಕಾಯಿಲೆ ಅಪರೂಪವೇ. ಆದರೂ ಚಿಕ್ಕ ನಾಯಿಗೆಂದು ಎಲ್ಲರೂ ಹೇಳುವ ಕೋಳಿ ಕತ್ತನ್ನು ನಾನು ಹೇಳುವುದಿಲ್ಲ. ಅಗಿಯದೆ ಗುಳುಂ ಮಾಡಲು ಹೇಳಿ ಮಾಡಿಸಿದ ಅಳತೆ ಅದರದು.

ಬಾಯಿ ನಾರುತ್ತಿದೆ ಅಂದಿರಲ್ಲ, ನನಗೆ ಮುಖ್ಯವಾಗಿ ಕಂಡದ್ದು ಅದು. ಪಾಮೇರಿಯನ್‌ನ ಪುಟ್ಟ ದವಡೆಯಲ್ಲಿ ಹಲ್ಲುಗಳು ಒತ್ತೊತ್ತಾಗಿರುತ್ತವೆ, ವಸಡಿನ ರೋಗ ಬೇಗ ಬರುತ್ತದೆ. ವಸಡಿನ ಒಳಗೆ ಕೂತ ಕಾಯಿಲೆಯನ್ನು ಯಾವ ಮೂಳೆಯೂ ತೊಳೆಯುವುದಿಲ್ಲ. ಅಲ್ಲಾಡುವ ಹಲ್ಲಿಗೆ ಮೂಳೆ ಸಿಕ್ಕರೆ ನೋವೇ ಹೆಚ್ಚು. ಹಾಗಾಗಿ ಮೊದಲು ವೈದ್ಯರಿಗೆ ಬಾಯಿ ತೋರಿಸಿ. ಗಟ್ಟಿ ಕಿಟ್ಟ ಕಟ್ಟಿದ್ದರೆ ಅರಿವಳಿಕೆ ಕೊಟ್ಟೇ ತೆಗೆಯಬೇಕು.

ಬಾಯಿ ಸರಿಯಿದೆ ಎಂದರೆ ಮುಂದಿನ ಮಾತು. ನಾಯಿ ಚಿಕ್ಕದು, ಮೂಳೆಯೂ ಚಿಕ್ಕದಿರಲಿ ಎನ್ನುವುದು ತಲೆಕೆಳಗಾದ ಲೆಕ್ಕ. ತುಂಡು ಅದರ ಬಾಯಿಗಿಂತ ದೊಡ್ಡದಿರಬೇಕು, ಕೂತು ಕಡಿಯಬೇಕು. ನಮ್ಮ ಮಟನ್ ಅಂಗಡಿಯಲ್ಲಿ ಕೇಳುವ ಮೊದಲೇ ಮಚ್ಚಿನಿಂದ ಕೊಚ್ಚಿಬಿಡುತ್ತಾರೆ. ಆ ಚೂರುಗಳ ಅಂಚು ಬೆಂದ ಮೂಳೆಯಷ್ಟೇ ಚೂಪು. ‘ಕೊಚ್ಚಬೇಡಪ್ಪಾ’ ಎಂದು ಹೇಳಿ, ಎಳೆ ಮೇಕೆಯ ಎರಡು ಮೂರು ಪಕ್ಕೆಲುಬು ಜೊತೆಗೂಡಿರುವ, ಮಾಂಸವಿರುವ, ಕೊಬ್ಬು ತೆಗೆದ ತುಂಡು ತನ್ನಿ. ನಲ್ಲಿ ಮೂಳೆ ಬೇಡ, ದವಡೆ ಹಲ್ಲು ಸೀಳುತ್ತದೆ. ಊಟವಾದ ಮೇಲೆ, ನೀವು ಪಕ್ಕದಲ್ಲೇ ಕೂತು, ವಾರಕ್ಕೊಮ್ಮೆ, ಹತ್ತು ಹದಿನೈದು ನಿಮಿಷ ಕೊಟ್ಟರೆ ಸಾಕು. ನುಂಗುವಷ್ಟು ಚಿಕ್ಕದಾದಾಗ ಕಿತ್ತುಕೊಳ್ಳಲು ಹೋಗಬೇಡಿ, ಗಾಬರಿಯಲ್ಲಿ ನುಂಗಿಬಿಡುತ್ತದೆ. ಬೇರೇನಾದರೂ ತೋರಿಸಿ ಬಿಡಿಸಿ. ಮಾರನೇ ದಿನ ಮಲ ಸುಣ್ಣದಂತೆ ಬೆಳ್ಳಗಾಗಿ, ನಾಯಿ ತಿಣುಕುತ್ತಿದ್ದರೆ ಮೂಳೆ ಹೆಚ್ಚಾಯಿತು ಎಂದರ್ಥ.

ಇಷ್ಟೆಲ್ಲ ಹೇಳಿದರೂ, ಈಗ ಶುರುಮಾಡಬೇಡಿ. ಬಸುರಿ, ಆಮೇಲೆ ಹಸುಗೂಸು ಇರುವ ಮನೆಯಲ್ಲಿ ಹಸಿ ಮೂಳೆ ಕಡಿದ ನಾಯಿ ಬಂದು ಕೈ ನೆಕ್ಕುವುದು ಬೇಡ. ಹಸಿ ಮಾಂಸದಲ್ಲಿರಬಹುದಾದ ಸಾಲ್ಮೊನೆಲ್ಲಾ ಎಂಬ ರೋಗಾಣು ಫ್ರೀಜರ್‌ನಲ್ಲಿಟ್ಟರೂ ಸಾಯುವುದಿಲ್ಲ. ಮಗು ದೊಡ್ಡದಾಗುವವರೆಗೆ ನಾಯಿಗಳ ಪೇಸ್ಟ್ ಹಚ್ಚಿ ಬ್ರಷ್ ಮಾಡಿ. ನಮ್ಮ ಪೇಸ್ಟ್ ಬೇಡ.

ಮೂಳೆ ನುಂಗಿದ ಅನುಮಾನವಿದ್ದು, ಜೊಲ್ಲು ಸುರಿಸುವುದು, ಕತ್ತು ಚಾಚುವುದು, ಮತ್ತೆ ಮತ್ತೆ ಗುಟುಕರಿಸುವುದು, ವಾಂತಿ ಕಂಡರೆ ಅನ್ನದ ಉಂಡೆ, ಬಾಳೆಹಣ್ಣು ತುರುಕಬೇಡಿ. ಅದೇ ಗಳಿಗೆ ಆಸ್ಪತ್ರೆಗೆ ಒಯ್ದು ಎಕ್ಸ್‌ರೇ ಮಾಡಿಸಿ.